ಹರಪನಹಳ್ಳಿಯನ್ನು ಯಾವ ಜಿಲ್ಲೆಯಲ್ಲಿ ಹುಡುಕಬೇಕು?

ಕೊಟ್ಟೂರಿನ ಕಾಲೇಜು ಹುಡುಗಿಯೊಬ್ಬಳು ತನ್ನ ಸೀಮೆಯ ಬಗ್ಗೆ ಬಂದ ಪುಸ್ತಕಗಳನ್ನೆಲ್ಲ ನೋಡಬೇಕೆಂದು ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತಳೆನ್ನಿ. ಅವಳಿಗೆ ಗೊತ್ತಿರುವ ಕೊಟ್ಟೂರು ತಾನೇ ಒಂದು ತಾಲ್ಲೂಕು, ಜಿಲ್ಲೆ ವಿಜಯನಗರ. ಹಳೆಯ ಪುಸ್ತಕಗಳಿಗೆ ಗೊತ್ತಿರುವುದು ಬಳ್ಳಾರಿ ಜಿಲ್ಲೆ, ಕೂಡ್ಲಿಗಿ ತಾಲ್ಲೂಕಿನ ಕೊಟ್ಟೂರು. 1953ಕ್ಕೂ ಹಿಂದಿನವುಗಳಿಗೆ ಇದೆಲ್ಲ ಮದ್ರಾಸಿನ ಸೀಮೆ. ಪಕ್ಕದ ಹರಪನಹಳ್ಳಿಯ ಕಥೆ ಇನ್ನೂ ತೊಡಕಿನದು. ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಇದ್ದಲ್ಲೇ ಇದೆ, ಜಿಲ್ಲೆ ಮೂರು ಸಲ ಬದಲಾಗಿದೆ. ಗ್ರಂಥಸೂಚಿಗೆ ಇದು ತಿಳಿಯದಿದ್ದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ.

ಹಳೆಯ ಕಾರ್ಡ್ ಡ್ರಾಯರಿನಲ್ಲಿ ಇದಕ್ಕೊಂದು ಉಪಾಯವಿತ್ತು. 'ಪುಟ್ಟಪ್ಪ, ಕೆ.ವಿ. – ಕುವೆಂಪು ನೋಡಿ' ಎಂಬಂಥ ಕಾರ್ಡು. ಅಂಬಿಕಾತನಯದತ್ತನನ್ನು ಹುಡುಕಿ ಬಂದವರನ್ನು ಬೇಂದ್ರೆಯ ಹತ್ತಿರ ಕಳಿಸುತ್ತಿದ್ದುದೂ ಅಂಥದೇ ಕಾರ್ಡು. ಓದುಗರ ಹೊತ್ತು ಉಳಿಸಬೇಕೆಂಬುದನ್ನು 1931ರಲ್ಲೇ ಗ್ರಂಥಾಲಯದ ಸೂತ್ರವಾಗಿಸಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ.

ಕಂಪ್ಯೂಟರ್ ಬಂದಾಗಲೂ ಆ ಕಾರ್ಡು ಕಳೆದುಹೋಗಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ರೂಪಿಸಿದ 'ಮಾರ್ಕ್' ಪದ್ಧತಿಯಲ್ಲಿ ಪುಸ್ತಕದ ಪ್ರತಿ ವಿವರಕ್ಕೂ ಒಂದು ಅಂಕಿ. ಶೀರ್ಷಿಕೆಗೆ 245, ಊರಿನ ಬೇರೆ ಹೆಸರುಗಳಿಂದ ಸರಿಯಾದ ಹೆಸರಿಗೆ ದಾರಿ ತೋರಿಸಲು 451. 'ನೋಡಿ' ಕಾರ್ಡು ಈಗ ಅಲ್ಲಿದೆ. ತಂತ್ರಜ್ಞಾನಕ್ಕೆ ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. ನ್ಯೂಜಿಲೆಂಡಿನ ಹೊರೊಫೆನುವ ಗ್ರಂಥಾಲಯ 2000ದ ಜನವರಿಯಲ್ಲಿ ಬಳಸತೊಡಗಿದ 'ಕೋಹಾ' ತಂತ್ರಾಂಶ ಇವತ್ತು ಯಾರಿಗಾದರೂ ಉಚಿತ. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ನಮ್ಮ ಮುಯ್ಯಿಯಂಥ ಕೊಡುಗೆ.

ನಿಜವಾದ ಕಷ್ಟ ಕನ್ನಡ ಟೈಪಿಂಗಿನಲ್ಲಿದೆ. 'ಕರ್ನಾಟಕ'ದ ಅರ್ಕಾವೊತ್ತಿನ ಜಾಗದಲ್ಲಿ ಅಂಕಿ ಒಂಬತ್ತನ್ನು ಒತ್ತಿ 'ಕನಾ೯ಟಕ' ಮಾಡುವವರಿದ್ದಾರೆ. 'ಸಂಸ್ಕೃತಿ'ಯ ಅನುಸ್ವಾರಕ್ಕೆ ಅಂಕಿಯ ಸೊನ್ನೆ ಹಾಕಿ 'ಸ೦ಸ್ಕೃತಿ' ಎಂದು ಬರೆಯುವವರೂ ಇದ್ದಾರೆ. ಕಣ್ಣಿಗೆ ವ್ಯತ್ಯಾಸವೇ ಕಾಣದು, ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಹುಡುಕಿದವರಿಗೆ ಸಿಗುವ ಉತ್ತರ 'ಪುಸ್ತಕವಿಲ್ಲ'. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಮಾಡಿಟ್ಟ ಪಟ್ಟಿಗಳ ಪಾಡು ಇನ್ನೂ ಕೆಟ್ಟದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಗುರುತುಗಳು. ವರ್ಷಗಟ್ಟಲೆ ಕೂತು ಟೈಪ್ ಮಾಡಿದವರ ದುಡಿಮೆ ಹಾಗೆ ಮಣ್ಣುಪಾಲಾಗುವುದನ್ನು ನೆನೆದರೆ ಸಂಕಟವಾಗುತ್ತದೆ. ಇದನ್ನು ತಿದ್ದಲು ಹೊಸ ಯಂತ್ರ ಬೇಡ, ಕನ್ನಡ ಬಲ್ಲ ಒಬ್ಬ ಗ್ರಂಥಪಾಲಕರು ಕೂತು ಸಾಲುಸಾಲಾಗಿ ನೋಡಬೇಕು.

ರಾಜ್ಯದ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಬಂತು, ಮೊಬೈಲಿನಲ್ಲೇ ಓದಲು ಪುಸ್ತಕ ಸಿಕ್ಕಿತು. ಒಳ್ಳೆಯದೇ. ಆದರೆ ಇ-ಪುಸ್ತಕದ ಪೋರ್ಟಲ್ ಬೇರೆ, ಯಾವ ಊರಿನ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂದು ಹೇಳುವ ಸೂಚಿ ಬೇರೆ. ಅದೂ ಅಲ್ಲದೆ 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದ ಮೇಲೆ ಪಟ್ಟಣದ ಗ್ರಂಥಾಲಯ ಒಂದು ಇಲಾಖೆಯದು, ಪಕ್ಕದ ಹಳ್ಳಿಯದು ಇನ್ನೊಂದರದು. ಇಲಾಖೆ ಎರಡಿರಲಿ, ಸೂಚಿ ಮಾತ್ರ ಒಂದೇ ಇರಬೇಕು. 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದಲ್ಲಿ ಒಂದು ಪಾಲನ್ನು ಈ ಕೆಲಸ ಮಾಡುವವರ ಸಂಬಳಕ್ಕೆ ಎತ್ತಿಡಬಾರದೇಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳಿಂದಲೇ ಶುರು ಮಾಡಬಹುದು. ಮೊದಲ ನಮೂದಾಗಿ ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರ್ ಇರಲಿ. ಅದರಲ್ಲಿ ಹರಪನಹಳ್ಳಿ ಇಂಗ್ಲಿಷರ ಬಾಯಲ್ಲಿ 'ಹರ್ಪನಹಳ್ಳಿ' ಆಗಿದೆ; ವಿಜಯನಗರ ಜಿಲ್ಲೆಯೆಂಬುದು ಆಗ ಇರಲೇ ಇಲ್ಲ. ಆದರೂ ಕೊಟ್ಟೂರಿನ ಆ ಹುಡುಗಿ 'ಹರಪನಹಳ್ಳಿ, ವಿಜಯನಗರ ಜಿಲ್ಲೆ' ಎಂದು ಒತ್ತಿದಾಗ ಆ ಪುಸ್ತಕ ಎದುರಿಗೆ ಬರಬೇಕು.