ಕೆರೆ ತೆರೆದಿದೆ, ನೀರು ಮುಟ್ಟೋಣ



ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಅಂತ ಧರ್ಮಸೂತ್ರ ಬರೆದವರ ದೇಶ ಇದು. ಇವತ್ತು ಸೀಸ ಬೇಕಿಲ್ಲ, ಪುಸ್ತಕದ ಬೆಲೆಯೇ ಸಾಕು. ಹಾಸ್ಟೆಲ್ ಹುಡುಗನ ಕೈಗೆ ಸಿಗೋದು ಗೈಡು. ಮೂಲ ಪುಸ್ತಕ ಲೈಬ್ರರಿಯ ಬೀರುವಿನಲ್ಲಿ, ಬೀಗದ ಹಿಂದೆ. ಆಮೇಲೆ ಅವನಿಗೇ 'ಮೆರಿಟ್ ಇಲ್ಲ' ಅಂತಾರೆ!

2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದಿಲ್ಲಿ ವಿಶ್ವವಿದ್ಯಾನಿಲಯದ ಮೇಲೂ ಅಲ್ಲಿನ ಒಂದು ಜೆರಾಕ್ಸ್ ಅಂಗಡಿಯ ಮೇಲೂ ಕೋರ್ಟಿಗೆ ಹೋದವು. ಅಪರಾಧ ಏನು? ಸಿಲಬಸ್ಸಿನ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ವಿದ್ಯಾರ್ಥಿಗಳಿಗೆ ಕೊಟ್ಟದ್ದು. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಕೇಸಿನೊಳಗೆ ಹೋಗಿ ನಿಂತರು. 2016ರ ಸೆಪ್ಟೆಂಬರ್ 16ರಂದು ದಿಲ್ಲಿ ಹೈಕೋರ್ಟು ದಾವೆ ವಜಾ ಮಾಡಿತು. ಕಾಪಿರೈಟು ದೇವರು ಕೊಟ್ಟ ಹಕ್ಕಲ್ಲ ಅಂದಿತು. ಮೇಲ್ಮನವಿಯಲ್ಲೂ, ಪಾಠಕ್ಕೆ ಬೇಕಾದಷ್ಟು ನಕಲು ಮಾಡಬಹುದು ಅನ್ನೋ ಮಾತು ಉಳಿಯಿತು. 2017ರಲ್ಲಿ ಪ್ರಕಾಶಕರು ಕೇಸು ಕೈಬಿಟ್ಟರು.

ಹಾಗಾದರೆ ಗೆದ್ದೆವಾ? ಚೌದಾರ್ ಕೆರೆಯನ್ನು ನೆನೆಯಿರಿ. ಅದು ಎಲ್ಲರದು ಅಂತ ಮಹಾಡದ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು, ನಮ್ಮವರ ಬಾಯಿಗೆ ಹನಿ ಬೀಳಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಬೇಕಾಯಿತು.

ಓದಿನ ಕೆರೆಯೂ ಹಾಗೇ. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಕಾಲೇಜು ಪುಸ್ತಕಗಳನ್ನು ಪುಕ್ಕಟೆ ಕೊಡ್ತಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು. ಆದರೆ ಅವು ಬಹುಪಾಲು ಇಂಗ್ಲಿಷಿನವು. ಕನ್ನಡದಲ್ಲಿ ಬಿ.ಎ. ಓದೋ ನಮ್ಮ ತಂಗಿಗೆ ಯಾರು ಬರೀತಾರೆ?

ನಮ್ಮ ಪ್ರೊಫೆಸರುಗಳು ಬರೀಬೇಕು. ಅವರ ಸಂಬಳ ಯಾರದು? ಸೋಪು, ಬೆಂಕಿಪೊಟ್ಟಣ ಕೊಳ್ಳೋವಾಗ ನಮ್ಮವ್ವ ಕಟ್ಟಿದ ತೆರಿಗೆಯದು. ಜನರ ದುಡ್ಡಲ್ಲಿ ಬರೆದ ಪಠ್ಯ ಜನರ ಸ್ವತ್ತು. ಅದಕ್ಕೆ ಬೇಲಿ ಹಾಕೋಕೆ ಇವರು ಯಾರು?

ಪುಕ್ಕಟೆ ಸಿಕ್ಕಿದರಷ್ಟೇ ಸಾಲದು, ತಿದ್ದೋ ಹಕ್ಕೂ ಬೇಕು. ಯಾವ ಚರಿತ್ರೆಯ ಪುಸ್ತಕದಲ್ಲಿ ನಮ್ಮ ಕೇರಿ ಇಲ್ಲವೋ, ಅದರಲ್ಲಿ ನಮ್ಮ ಅಧ್ಯಾಯ ನಾವೇ ಸೇರಿಸಬೇಕು. ತಿದ್ದಲು ಬಿಡದ ಪುಸ್ತಕ ಇನ್ನೊಂದು ಶಾಸ್ತ್ರವೇ ಸೈ.

ಬಿಟ್ಟಿ ಚಾಕರಿ ಮಾಡಿದವರ ಮಕ್ಕಳು ನಾವು. ಪುಸ್ತಕ ಬಿಟ್ಟಿ ಕೇಳೋಕೆ ನಾಚಿಕೆ ಯಾಕೆ? ಇದು ಭಿಕ್ಷೆಯಲ್ಲ, ಬಾಕಿ ವಸೂಲಿ.

ಹಾಸ್ಟೆಲು ಹಾಸ್ಟೆಲಿನಲ್ಲಿ ಸಭೆ ಸೇರಿ. ಪ್ರಾಂಶುಪಾಲರ ಮುಂದೆ, ಕುಲಪತಿಗಳ ಮುಂದೆ ಕೇಳಿ: ಸಿಲಬಸ್ಸಿನ ಪ್ರತಿ ಪತ್ರಿಕೆಗೂ ಕನ್ನಡದಲ್ಲಿ ಮುಕ್ತ ಪಠ್ಯ ಎಲ್ಲಿ? ಫೋನಿಲ್ಲದವರಿಗೆ ಅಚ್ಚಿನ ಪ್ರತಿ ಎಲ್ಲಿ? ಉತ್ತರ ಬರೋವರೆಗೂ ಏಳಬೇಡಿ.

ಜೈ ಭೀಮ್.