ಒಂದೇ ಬಸ್ಸಿನ ಊರಿನಲ್ಲಿ ಬೆನ್ನುಹತ್ತುವವರು

ಭೌತಶಾಸ್ತ್ರದ ಅಧ್ಯಾಪಕನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವುಂಟು. ಚೋರನೂರಿನ ಕಡೆಯಿಂದ ಬಸ್ಸಿನಲ್ಲಿ ಬಂದು ನಮ್ಮಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಇದ್ದಕ್ಕಿದ್ದಂತೆ ತರಗತಿಗೆ ಬರುವುದನ್ನು ನಿಲ್ಲಿಸಿದಳು. ವಿಚಾರಿಸಲಾಗಿ, ತರುಣನೊಬ್ಬನು ಎರಡು ತಿಂಗಳಿಂದ ನಿಲ್ದಾಣದಲ್ಲಿ ಕಾದಿದ್ದು ಅವಳ ಬೆನ್ನುಹತ್ತುತ್ತಿದ್ದನೆಂದು ತಿಳಿಯಿತು. ಅವನನ್ನು ಯಾರೂ ಏನೂ ಅನ್ನಲಿಲ್ಲ. ಇವಳ ಓದು ನಿಂತಿತು. ಲೆಕ್ಕದಲ್ಲಿ ಬಹು ಚುರುಕಾದ ಹುಡುಗಿ.

ಹೀಗೆ ಬೆನ್ನುಹತ್ತಿ ಕಾಡುವುದನ್ನು, ಅಂದರೆ ಸ್ಟಾಕಿಂಗನ್ನು, ನಮ್ಮ ಶಾಸನವು ಪ್ರತ್ಯೇಕ ಅಪರಾಧವಾಗಿ ಎಣಿಸಿದ್ದು 2013ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿದೆ. ಮೊದಲ ಸಲಕ್ಕೆ ಮೂರು ವರ್ಷ, ಮರುಕಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ. ಆದರೆ ಈ ಕಲಮಿನಲ್ಲಿ ಕಾಡುವವನು ಗಂಡಸು, ಕಾಟಕ್ಕೆ ಗುರಿಯಾಗುವವಳು ಹೆಂಗಸು. ಹುಡುಗನೊಬ್ಬನು ಲೈಂಗಿಕ ಉದ್ದೇಶದ ಇಂಥ ಕಾಟಕ್ಕೆ ಸಿಕ್ಕಿದರೆ, 18 ವರ್ಷ ತುಂಬುವವರೆಗೆ 2012ರ ಪೋಕ್ಸೊ ಕಾಯಿದೆಯ ಆಸರೆಯುಂಟು. ತುಂಬಿದೊಡನೆ ಅದೂ ತಪ್ಪುತ್ತದೆ. ಹೇಳಿಕೊಂಡರೆ ಗೆಳೆಯರು ನಗುತ್ತಾರೆಂಬುದು ಬೇರೆ ಮಾತು.

ಕಾಟವೊಂದೇ ಆದರೂ ಪೆಟ್ಟು ಎಲ್ಲರಿಗೂ ಸಮವಲ್ಲ. ತಪ್ಪಿಸಿಕೊಳ್ಳಲು ಬೇರೆ ದಾರಿ ಎಷ್ಟಿದೆ ಎಂಬುದರ ಮೇಲೆ ಅದು ನಿಂತಿದೆಯೆಂದು ನನ್ನ ಅಭಿಪ್ರಾಯ. ದೆಹಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಕುರಿತು ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನವೊಂದುಂಟು. ಹಾದಿಯ ಭಯಕ್ಕಾಗಿ ಹುಡುಗಿಯರು ತಮಗೆ ದೊರೆಯಬಹುದಾದ ಉತ್ತಮ ಕಾಲೇಜನ್ನು ಬಿಟ್ಟು ಕೆಳದರ್ಜೆಯದನ್ನು ಆರಿಸಿಕೊಳ್ಳುತ್ತಾರೆ. ಹಣವನ್ನೂ ವೇಳೆಯನ್ನೂ ಹೆಚ್ಚಾಗಿ ತೆರುತ್ತಾರೆ. ಅಲ್ಲಿ ಆರಿಸಿಕೊಳ್ಳಲು ಹತ್ತಾರು ಕಾಲೇಜುಗಳಾದರೂ ಇವೆ. ನಮ್ಮ ಹುಡುಗಿಗೆ ಬೆಳಗಿನ ಬಸ್ಸು ಒಂದೇ. 2023ರ ಜೂನಿನಲ್ಲಿ ಶಕ್ತಿ ಯೋಜನೆಯು ಟಿಕೆಟ್ಟಿನ ಹಣವನ್ನು ಉಳಿಸಿಕೊಟ್ಟಿತು. ನಿಲ್ದಾಣದಲ್ಲಿ ನಿಂತವನನ್ನು ಅದು ಏನು ಮಾಡೀತು?

ಇನ್ನು ನನ್ನ ಶಾಸ್ತ್ರಕ್ಕೆ ಸೇರಿದ ಸಂಗತಿ. ಕೀಲಿಗೊಂಚಲು ಕಳೆಯದಿರಲೆಂದು ಮಾಡಿದ, ನಾಣ್ಯದಂಥ ಪುಟ್ಟ ಬಿಲ್ಲೆಗಳು ಈಗ ಮಾರಾಟಕ್ಕಿವೆ. ತಾನೆಲ್ಲಿದ್ದೇನೆಂಬುದು ಬಿಲ್ಲೆಗೆ ತಿಳಿಯದು. ಅದು ಸುಮಾರು 12 ಸೆಂಟಿಮೀಟರ್ ಅಲೆಯುದ್ದದ ಬ್ಲೂಟೂತ್ ರೇಡಿಯೋ ಅಲೆಗಳನ್ನು ಆಗಾಗ ಹೊರಸೂಸುತ್ತದೆ, ಅಷ್ಟೆ. ಸಮೀಪದಲ್ಲಿರುವ ಯಾರದೋ ಸ್ಮಾರ್ಟ್‌ಫೋನು ಅದನ್ನು ಗ್ರಹಿಸಿ, ತಾನಿರುವ ಸ್ಥಳವನ್ನು ಬಿಲ್ಲೆಯ ಒಡೆಯನಿಗೆ ಮುಟ್ಟಿಸುತ್ತದೆ. ಫೋನು ಹಿಡಿದವನಿಗೆ ಇದರ ಅರಿವೇ ಇರುವುದಿಲ್ಲ. ಪರರ ಚೀಲದಲ್ಲಿ ಇಂಥ ಬಿಲ್ಲೆಯನ್ನು ಅಡಗಿಸಿಡುವವರೂ ಹುಟ್ಟಿಕೊಂಡುದರಿಂದ, ಆ್ಯಪಲ್ ಮತ್ತು ಗೂಗಲ್ ಸಂಸ್ಥೆಗಳು 2024ರ ಮೇ ತಿಂಗಳಿನಿಂದ ಎರಡು ಬಗೆಯ ಫೋನುಗಳಲ್ಲಿಯೂ ಎಚ್ಚರಿಕೆಯ ಏರ್ಪಾಡು ಮಾಡಿವೆ. ಒಳ್ಳೆಯದೇ. ಆದರೆ ಕೀಪ್ಯಾಡ್ ಫೋನಿನ ಹುಡುಗಿಗೆ ಆ ಎಚ್ಚರಿಕೆ ಬರುವುದೆಂತು? ತುಂಬಿದ ಬಸ್ಸಿನಲ್ಲಿ ಸಹಪ್ರಯಾಣಿಕರ ಫೋನುಗಳು ಅವಳ ಸುಳಿವನ್ನು ಕೊಡುತ್ತಲೇ ಇರುತ್ತವೆ. ಅವಳಿಗೆ ಮಾತ್ರ ಸುಳಿವಿಲ್ಲ.

‘ಹುಡುಗಾಟ, ಬಿಟ್ಟುಬಿಡಿ’ ಎನ್ನುವ ಹಿರಿಯರು ಹುಬ್ಬಳ್ಳಿಯನ್ನು ನೆನೆಯಬೇಕು. 2024ರ ಮೇ ತಿಂಗಳಿನಲ್ಲಿ ಅಲ್ಲಿ ತರುಣಿಯೊಬ್ಬಳು ಮನೆಯೊಳಗೇ ಕೊಲೆಯಾದಳು. ಬೆದರಿಕೆಯನ್ನು ಮೊದಲೇ ತಿಳಿಸಿದ್ದೆವೆಂದು ಮನೆಯವರು ಹೇಳಿದರು; ಪೊಲೀಸರು ಕೆಲವರು ಅಮಾನತಾದರು.

ಹಾಜರಾತಿ ಸಾಲದೆಂದು ಹುಡುಗಿಗೆ ನೋಟೀಸು ಕಳುಹಿಸುವ ಕಾಲೇಜು, ಅದಕ್ಕೆ ಮುನ್ನ ಅಧ್ಯಾಪಕರೊಬ್ಬರನ್ನು ಒಂದು ದಿನ ಬೆಳಗಿನ ಆ ಬಸ್ಸಿನಲ್ಲಿ ಕಳುಹಿಸಲಿ. ವಾಚಕರಲ್ಲಿ ಯಾರಿಗಾದರೂ ಈ ಕಾಟವಿದ್ದರೆ 112ಕ್ಕೆ, 18 ತುಂಬದವರಾದರೆ 1098ಕ್ಕೂ ಕರೆ ಮಾಡಬಹುದು. ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿರಿ, ಸಾಕ್ಷ್ಯಕ್ಕೆ ಬೇಕಾಗುತ್ತವೆ.