ಸುಲ್ತಾನನ ನಿದ್ದೆಗೆ ಅರ್ಥ ಯಾರು ಹೇಳಬೇಕು?

ಗಿರೀಶ ಕಾರ್ನಾಡರ ‘ತುಘಲಕ್’ 1964ರ ನಾಟಕ. ಅದರಲ್ಲಿ ರಾಜಧಾನಿ ದೌಲತಾಬಾದಿಗೆ ಹೋಗುತ್ತದೆ, ತಾಮ್ರದ ನಾಣ್ಯ ಖೋಟಾ ನಾಣ್ಯಗಳ ಹಾವಳಿಗೆ ಬೆಲೆ ಕಳೆದುಕೊಳ್ಳುತ್ತದೆ, ಕೊನೆಗೆ ಪ್ರಾರ್ಥನೆಯ ಕರೆ ಕೇಳುವಾಗ ಸುಲ್ತಾನ ತುಘಲಕ್ ನಿದ್ದೆಹೋಗಿರುತ್ತಾನೆ. ಅದು ನೆಮ್ಮದಿಯೋ, ಸೋಲೋ, ಹುಚ್ಚಿನ ಅಂಚೋ? ನಾಟಕ ಬಿಡಿಸಿ ಹೇಳುವುದಿಲ್ಲ, ಹೇಳಬಾರದು ಕೂಡ. ನೆಹರೂ ಯುಗದ ಭ್ರಮನಿರಸನದೊಂದಿಗೆ ನಾಟಕಕ್ಕಿರುವ ಸಾಮ್ಯವನ್ನು ಕಾರ್ನಾಡರೇ ಗುರುತಿಸಿದ್ದರು. ಆದರೆ ಅರ್ಥ ಅಷ್ಟಕ್ಕೇ ನಿಂತಿದ್ದರೆ ನಾಟಕ ಆ ಕಾಲದೊಂದಿಗೇ ಮುಗಿಯುತ್ತಿತ್ತು. ಇಂದಿಗೂ ರಂಗಕ್ಕೆ ಬರುತ್ತಿರಲಿಲ್ಲ.

ತಮ್ಮ ಕೃತಿಯ ಅರ್ಥದ ಬಗ್ಗೆ ಕಲಾವಿದರು ಬಾಯಿ ಬಿಡದಿದ್ದರೆ ಅಪಾರ್ಥಕ್ಕೆ ದಾರಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೃತಿಯನ್ನು ದ್ವೇಷಕ್ಕೆ ಬಳಸಿಕೊಂಡರೆ ಅವರು ಮಾತಾಡಲೇಬೇಕು. ಆಕರ, ಹಿನ್ನೆಲೆ ತಿಳಿಸುವುದೂ ಉಪಕಾರವೇ. ಆದರೆ ‘ಇದರ ಅರ್ಥ ಇಷ್ಟೇ’ ಎಂದು ಲೇಖಕರೇ ಅಂದರೆ, ಆ ಮಾತು ಪರೀಕ್ಷೆಯ ಗೈಡುಗಳಿಗೆ ಇಳಿಯುತ್ತದೆ. ಬೇರೆ ಉತ್ತರ ಬರೆದ ವಿದ್ಯಾರ್ಥಿಗೆ ಅಂಕ ಸಿಗುವುದಿಲ್ಲ.